ತೋಳು ಉಬ್ಬುವುದು ಹೇಗೆ? ವಿಡಿಯೊ ಪಾಠ ತೋರಿಸುವುದೇನು?

ನಮ್ಮ ಭಾಗದ ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತುವ ಸ್ಪರ್ಧೆ ಇಂದಿಗೂ ಉಳಿದಿದೆ. ಪೈಲ್ವಾನನು ಕಲ್ಲನ್ನು ಮೊದಲು ತೊಡೆಯ ಮೇಲೆ ತಂದುಕೊಂಡು, ಆಮೇಲೆ ಎದೆಗೆ ಏರಿಸಿ, ಹೆಗಲ ಮೇಲಿಂದ ಹಿಂದಕ್ಕೆ ಉರುಳಿಸುತ್ತಾನೆ. ನೆರೆದ ಜನರ ಕಣ್ಣೆಲ್ಲ ಅವನ ತೋಳಿನ ಮೇಲೆ. ಮೊಣಕೈ ಮಡಚಿದಂತೆಲ್ಲ ತೋಳಿನ ಸ್ನಾಯು ಗಿಡ್ಡವಾಗುತ್ತದೆ, ದಪ್ಪವಾಗುತ್ತದೆ, ಉಬ್ಬಿ ನಿಲ್ಲುತ್ತದೆ. ಹಾಗಾದರೆ ಅದರೊಳಗೆ ಗಿಡ್ಡವಾದದ್ದು ಯಾವುದು?

ಈ ಪ್ರಶ್ನೆಯನ್ನು ಪಿಯುಸಿ ವಿಜ್ಞಾನ ಓದುವ ಒಬ್ಬ ವಿದ್ಯಾರ್ಥಿಗೆ ಕೇಳಿ ನೋಡಿ. ‘ಆಕ್ಟಿನ್ ಮತ್ತು ಮಯೋಸಿನ್ ಒಂದರ ಪಕ್ಕ ಒಂದು ಜಾರುತ್ತವೆ’ ಎಂದು ಥಟ್ಟನೆ ಉತ್ತರ ಬರುತ್ತದೆ. ಸರಿ, ಜಾರಿದಾಗ ಆಕ್ಟಿನ್ ಎಳೆ ಗಿಡ್ಡವಾಗುತ್ತದೆಯೇ? ‘ಹೌದ್ರಿ ಸರ್, ಸಣ್ಣದಾಗ್ತದ’ ಎನ್ನುವವರೇ ಹೆಚ್ಚು. ಉತ್ತರ ತಪ್ಪು. ಆಕ್ಟಿನ್ ಗಿಡ್ಡವಾಗುವುದಿಲ್ಲ, ಮಯೋಸಿನ್ ಕೂಡ ಗಿಡ್ಡವಾಗುವುದಿಲ್ಲ. ಎರಡೂ ಇದ್ದಷ್ಟೇ ಉದ್ದ ಇದ್ದು, ಒಂದರ ನಡುವೆ ಇನ್ನೊಂದು ಹೆಚ್ಚು ಹೆಚ್ಚು ಒಳಸೇರುತ್ತದೆ, ಅಷ್ಟೇ. ಎರಡೂ ಕೈಗಳ ಬೆರಳುಗಳನ್ನು ಎದುರುಬದುರಾಗಿ ಹಿಡಿದು ಒಂದರ ಸಂದಿಯಲ್ಲಿ ಇನ್ನೊಂದನ್ನು ತೂರಿಸಿ. ಅಂಗೈಗಳ ನಡುವಿನ ದೂರ ಕಡಿಮೆಯಾಯಿತು. ಬೆರಳು ಗಿಡ್ಡವಾದವೇ?

ಪುಸ್ತಕದಲ್ಲಿ ಈ ವಿಷಯಕ್ಕೆ ಎರಡು ಚಿತ್ರಗಳಿರುತ್ತವೆ. ಮೇಲಿನದು ಸಡಿಲವಾದ ಸ್ನಾಯು, ಕೆಳಗಿನದು ಸಂಕುಚಿತ ಸ್ನಾಯು. ಈ ಎರಡು ಚಿತ್ರಗಳ ನಡುವೆ ಏನು ನಡೆಯಿತೆಂಬುದನ್ನು ಹುಡುಗ ತಾನೇ ಊಹಿಸಿಕೊಳ್ಳಬೇಕು. ಅವನು ಸುಲಭವಾದುದನ್ನೇ ಊಹಿಸುತ್ತಾನೆ: ಎಲ್ಲವೂ ರಬ್ಬರಿನಂತೆ ಕುಗ್ಗಿತು ಎಂದು. ಇಂದು ಮೊಬೈಲಿನಲ್ಲಿ ಸಿಗುವ ವಿಡಿಯೊ ಪಾಠಗಳು ಉಪಯೋಗಕ್ಕೆ ಬರುವುದು ಸರಿಯಾಗಿ ಈ ಜಾಗದಲ್ಲಿ. ಎರಡು ಚಿತ್ರಗಳ ನಡುವಿನ ಚಲನೆಯನ್ನು ಅವು ಕಣ್ಣೆದುರು ಇಡುತ್ತವೆ.

ವಿಜ್ಞಾನಿಗಳಿಗೂ ಅದೇ ಊಹೆ

ನಮ್ಮ ಮಕ್ಕಳ ಈ ತಪ್ಪಿಗೆ ನಾಚಿಕೊಳ್ಳಬೇಕಾದ್ದಿಲ್ಲ. ಸ್ನಾಯುವಿನ ಪ್ರೋಟೀನುಗಳು ಮಡಚಿಕೊಂಡೋ ಸುರುಳಿಯಾಗಿಯೋ ಗಿಡ್ಡವಾಗುತ್ತವೆ ಎಂದು ದೊಡ್ಡ ದೊಡ್ಡ ವಿಜ್ಞಾನಿಗಳೇ 1950ರ ಆಸುಪಾಸಿನವರೆಗೆ ನಂಬಿದ್ದರು. ಕೈಕಾಲಿನ ಸ್ನಾಯುವಿನ ಒಂದು ನಾರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜಮಖಾನೆಯ ಹಾಗೆ ಕಪ್ಪು-ಬಿಳುಪಿನ ಅಡ್ಡಪಟ್ಟೆಗಳು ಕಾಣುತ್ತವೆ. ಕಪ್ಪು ಪಟ್ಟೆಗೆ ‘ಎ’ ಎಂದೂ ತೆಳು ಬಣ್ಣದ ಪಟ್ಟೆಗೆ ‘ಐ’ ಎಂದೂ ಹೆಸರು. ಸ್ನಾಯು ಸಂಕುಚಿಸಿದಾಗ ಎರಡೂ ಪಟ್ಟೆಗಳು ಕಿರಿದಾಗಬೇಕಲ್ಲವೇ? ಆಗುವುದಿಲ್ಲ. ತೆಳು ಬಣ್ಣದ ‘ಐ’ ಪಟ್ಟೆ ಮಾತ್ರ ಕಿರಿದಾಗುತ್ತದೆ, ಕಪ್ಪು ‘ಎ’ ಪಟ್ಟೆ ಇದ್ದ ಹಾಗೆಯೇ ಇರುತ್ತದೆ.

ಇದನ್ನು ಖಚಿತವಾಗಿ ತೋರಿಸಿದ ಎರಡು ಲೇಖನಗಳು ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ, 1954ರ ಮೇ 22ರಂದು ಪ್ರಕಟವಾದವು. ಒಂದು ಆಂಡ್ರ್ಯೂ ಹಕ್ಸ್ಲಿ ಮತ್ತು ರೋಲ್ಫ್ ನೀಡರ್‌ಗರ್ಕೆ ಅವರದು, ಇನ್ನೊಂದು ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಅವರದು. ಇಬ್ಬರು ಹಕ್ಸ್ಲಿಗಳೂ ಬಂಧುಗಳಲ್ಲ. ಒಬ್ಬರು ಕಪ್ಪೆಯ ಜೀವಂತ ಸ್ನಾಯುನಾರನ್ನು ನೋಡಿದರು, ಇನ್ನೊಬ್ಬರು ಮೊಲದ ಸ್ನಾಯುವಿನಿಂದ ಬಿಡಿಸಿದ ಎಳೆಗಳನ್ನು ನೋಡಿದರು. ಇಬ್ಬರೂ ತಲುಪಿದ್ದು ಒಂದೇ ತೀರ್ಮಾನಕ್ಕೆ: ಎಳೆಗಳು ಕುಗ್ಗುವುದಿಲ್ಲ, ಜಾರುತ್ತವೆ. ನಮ್ಮ ಪುಸ್ತಕಗಳಲ್ಲಿರುವ ‘ಜಾರುವ ಎಳೆಗಳ ಸಿದ್ಧಾಂತ’ ಹುಟ್ಟಿದ್ದು ಹೀಗೆ. ಎರಡು ಹೊತ್ತಿನ ಎರಡು ಚಿತ್ರಗಳ ಬದಲು, ಸಂಕುಚಿಸುತ್ತಿರುವಾಗಲೇ ಪಟ್ಟೆಗಳನ್ನು ಅಳೆದದ್ದರಿಂದ ಅವರಿಗೆ ಇದು ಸಾಧ್ಯವಾಯಿತು.

ಅಳತೆಯ ವಿಷಯ ಬಂತು. ಎರಡು ‘ಝಡ್’ ಗೆರೆಗಳ ನಡುವಿನ ತುಣುಕಿಗೆ ಸಾರ್ಕೊಮಿಯರ್ ಎನ್ನುತ್ತಾರೆ. ಅದರ ಉದ್ದ ಎರಡು ಮೈಕ್ರೊಮೀಟರಿಗಿಂತ ತುಸು ಹೆಚ್ಚು. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರೊಮೀಟರು. ಅಂದರೆ 5 ಸೆಂಟಿಮೀಟರ್ ಉದ್ದದ ಒಂದು ಸ್ನಾಯುನಾರಿನಲ್ಲಿ 20,000ಕ್ಕೂ ಹೆಚ್ಚು ಸಾರ್ಕೊಮಿಯರುಗಳು ರೈಲು ಡಬ್ಬಿಗಳಂತೆ ಸಾಲಾಗಿ ಜೋಡಿಸಿಕೊಂಡಿವೆ. ಒಂದೊಂದು ಡಬ್ಬಿ ಕೂದಲೆಳೆಯಷ್ಟೂ ಸರಿಯುವುದಿಲ್ಲ, ಆದರೆ ಎಲ್ಲವೂ ಸೇರಿದಾಗ ಗುಂಡುಕಲ್ಲು ಮೇಲೇಳುತ್ತದೆ.

ತೊಡಕು ನಾಮಪದದ್ದಲ್ಲ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಬಹಳಷ್ಟು ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಬಂದೊಡನೆ ಇಂಗ್ಲಿಷಿಗೆ ಬೀಳುತ್ತಾರೆ. ಕೆಲವರು ಕಲಬುರಗಿಗೆ ಹೋಗುತ್ತಾರೆ, ಗಡಿ ದಾಟಿ ಲಾತೂರಿನ ಕೋಚಿಂಗಿಗೆ ಹೋಗುವವರೂ ಇದ್ದಾರೆ. ಉಳಿದವರು ತಾಲ್ಲೂಕಿನ ಕಾಲೇಜಿನಲ್ಲೇ ಓದಬೇಕು. ‘ನೀಟ್’ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದಾದರೂ ಓದುವ ಪುಸ್ತಕ, ಕೇಳುವ ಪಾಠ ಇಂಗ್ಲಿಷಿನಲ್ಲೇ.

ಕಠಿಣ ಹೆಸರುಗಳಿಂದಲೇ ಮಕ್ಕಳಿಗೆ ತೊಂದರೆ ಎಂದು ಪಾಲಕರು ತಿಳಿಯುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಟ್ರೋಪೋನಿನ್, ಟ್ರೋಪೋಮಯೋಸಿನ್ ಎಂಬ ಹೆಸರುಗಳನ್ನು ನಮ್ಮ ಮಕ್ಕಳು ಎರಡು ದಿನದಲ್ಲಿ ಬಾಯಿಪಾಠ ಮಾಡುತ್ತಾರೆ. ಅವರು ಎಡವುವುದು ಕ್ರಿಯಾಪದಗಳಲ್ಲಿ. ಬೈಂಡ್ ಆಯಿತು, ಎಕ್ಸ್‌ಪೋಸ್ ಆಯಿತು, ಡಿಟ್ಯಾಚ್ ಆಯಿತು ಎನ್ನುತ್ತಾರೆ, ಯಾವುದು ಯಾವುದಕ್ಕೆ ಅಂಟಿತು, ಏನು ಸರಿದು ಏನು ಬಯಲಾಯಿತು, ಯಾರು ಯಾರನ್ನು ಬಿಟ್ಟರು ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಸ್ನಾಯು ಸಂಕೋಚನದ ಪಾಠದಲ್ಲಿ ಇರುವುದೇ ಕ್ರಿಯಾಪದ. ಒಳ್ಳೆಯ ವಿಡಿಯೊ ಆ ಕ್ರಿಯಾಪದಗಳಿಗೆ ರೂಪ ಕೊಡುತ್ತದೆ, ಮಾತು ಯಾವ ಭಾಷೆಯಲ್ಲಿದ್ದರೂ ಅಂಟುವುದು ಅಂಟುವುದಾಗಿಯೇ, ಬಿಡುವುದು ಬಿಡುವುದಾಗಿಯೇ ಕಾಣುತ್ತದೆ.

ಕಥೆ ಇಷ್ಟು. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದು ಸ್ನಾಯುನಾರಿನ ಪೊರೆಯಲ್ಲಿ ವಿದ್ಯುತ್ ಸಂಕೇತ ಎಬ್ಬಿಸುತ್ತದೆ. ಆ ಸಂಕೇತಕ್ಕೆ ಒಳಗಿನ ಚೀಲಗಳಲ್ಲಿ ಕೂಡಿಟ್ಟಿದ್ದ ಕ್ಯಾಲ್ಸಿಯಂ ಹೊರಗೆ ಬರುತ್ತದೆ. ಕ್ಯಾಲ್ಸಿಯಂ ಹೋಗಿ ಟ್ರೋಪೋನಿನ್ನಿಗೆ ಅಂಟಿಕೊಳ್ಳುತ್ತದೆ. ಟ್ರೋಪೋನಿನ್ ತನಗೆ ಜೋಡಿಸಿಕೊಂಡಿರುವ ಟ್ರೋಪೋಮಯೋಸಿನ್ ಎಂಬ ಹೊದಿಕೆಯನ್ನು ಪಕ್ಕಕ್ಕೆ ಸರಿಸುತ್ತದೆ. ಆಕ್ಟಿನ್ ಎಳೆಯ ಮೇಲಿನ ಹಿಡಿಕೆಗಳು ಬಯಲಾಗುತ್ತವೆ. ಮಯೋಸಿನ್‌ನ ತಲೆಗಳು ಆ ಹಿಡಿಕೆಗಳನ್ನು ಹಿಡಿದು, ಬಾಗಿ, ಎಳೆಯುತ್ತವೆ. ಒಂದು ಎಳೆತಕ್ಕೆ ಸರಿಯುವುದು 5ರಿಂದ 10 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಭಾಗದಷ್ಟೂ ಸಿಕ್ಕರೆ ಹೆಚ್ಚು.

ಇಲ್ಲೊಂದು ವಿಚಿತ್ರವಿದೆ. ಎಟಿಪಿ ಎಂಬ ಶಕ್ತಿಯ ಅಣು ಎಳೆಯುವುದಕ್ಕೆ ಬೇಕೆಂದು ಎಲ್ಲರಿಗೂ ಗೊತ್ತು. ಆದರೆ ಹಿಡಿದ ತಲೆ ಹಿಡಿತ ಬಿಡುವುದಕ್ಕೂ ಅದೇ ಬೇಕು. ಹೊಸ ಎಟಿಪಿ ಬಂದು ಕೂತಾಗಲೇ ತಲೆ ಕಳಚಿಕೊಳ್ಳುತ್ತದೆ, ಆ ಎಟಿಪಿ ಒಡೆದಾಗ ತಲೆ ಮತ್ತೆ ಎದ್ದು ಮುಂದಿನ ಹಿಡಿಕೆಗೆ ಸಿದ್ಧವಾಗುತ್ತದೆ. ಸತ್ತ ಮೇಲೆ ದೇಹ ಕೆಲವು ಗಂಟೆಗಳಲ್ಲಿ ಸೆಟೆದುಕೊಳ್ಳುವುದನ್ನು ಹಳ್ಳಿಯಲ್ಲಿ ಎಲ್ಲರೂ ಕಂಡಿದ್ದಾರೆ. ಎಟಿಪಿ ತಯಾರಿ ನಿಂತಿದೆ, ಹಿಡಿದ ತಲೆಗಳು ಬಿಡಲಾರದೆ ಹಾಗೆಯೇ ಉಳಿದಿವೆ. ಪ್ರೋಟೀನುಗಳೇ ಕೆಡಲು ತೊಡಗಿದ ಮೇಲೆ ಮೈ ಮತ್ತೆ ಸಡಿಲವಾಗುತ್ತದೆ. ಪಾಠದಲ್ಲಿ ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಈ ಮಾತು, ತಲೆ ಕಳಚುವ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ ‘ಈಗ ಎಟಿಪಿ ಬರದಿದ್ದರೆ?’ ಎಂದು ಕೇಳಿದಾಗ ಹೋಗುತ್ತದೆ.

ಆಕಾಶದಿಂದ ಬಂದ ಪಾಠ

ಚಲಿಸುವ ಚಿತ್ರದ ಪಾಠ ನಮ್ಮ ಜಿಲ್ಲೆಗೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂದಿತ್ತು. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ. ಅಮೆರಿಕದ ‘ನಾಸಾ’ ಕೊಟ್ಟ ಎಟಿಎಸ್-6 ಉಪಗ್ರಹದಿಂದ, ತಂತಿಬಲೆಯ ದೊಡ್ಡ ಆಂಟೆನಾ ಮೂಲಕ, ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲಿ ಪಾಠ. ಬಹಳ ಊರುಗಳು ಇನ್ನೂ ಕರೆಂಟನ್ನೇ ಕಾಣದಿದ್ದ ಕಾಲವದು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಪಾಠಗಳು ಪ್ರಸಾರವಾದದ್ದನ್ನು ಈಗಿನ ಮಕ್ಕಳು ಬಲ್ಲರು.

ಆದರೆ ಟಿ.ವಿ.ಯ ಪಾಠ ಯಾರಿಗೂ ಕಾಯುವುದಿಲ್ಲ. ತಿಳಿಯದವನನ್ನು ಹಿಂದೆ ಬಿಟ್ಟು ಮುಂದೆ ಹೋಗುತ್ತದೆ. ಮೊಬೈಲಿನ ವಿಡಿಯೊವನ್ನು ನಿಲ್ಲಿಸಬಹುದು, ಹಿಂದಕ್ಕೆ ತರಬಹುದು, ನಿಧಾನಿಸಬಹುದು. ಇದು ಸಣ್ಣ ವ್ಯತ್ಯಾಸವಲ್ಲ. ಬಾರ್ಬರಾ ಟ್ವೆರ್ಸ್ಕಿ ಮತ್ತು ಅವರ ಸಂಗಡಿಗರು ಚಲಿಸುವ ಚಿತ್ರಗಳ ಮೇಲಿನ ಅಧ್ಯಯನಗಳನ್ನು ಒರೆಗೆ ಹಚ್ಚಿ 2002ರಲ್ಲಿ ಬರೆದ ಲೇಖನ ಪ್ರಸಿದ್ಧವಾದದ್ದು. ಚಲಿಸುವ ಚಿತ್ರ ತನ್ನಷ್ಟಕ್ಕೆ ತಾನೇ ನಿಂತ ಚಿತ್ರಕ್ಕಿಂತ ಮೇಲಲ್ಲ, ಅನೇಕ ಸಲ ಅದು ಕಣ್ಣಿಗೆ ಸಿಗದಷ್ಟು ಬೇಗ ಓಡುತ್ತದೆ, ನೋಡುವವನ ಕೈಯಲ್ಲಿ ನಿಲ್ಲಿಸುವ, ಮತ್ತೆ ನೋಡುವ ಹಿಡಿತ ಇದ್ದರೆ ಆ ಕೊರತೆ ನೀಗಬಹುದು ಎಂಬುದು ಅವರ ಅಭಿಪ್ರಾಯ. ಸಿನಿಮಾ ನೋಡಿದ ಹಾಗೆ ಆರು ನಿಮಿಷದ ವಿಡಿಯೊವನ್ನು ಒಂದೇ ಸಲ ನೋಡಿ ‘ತಿಳೀತು’ ಎಂದು ಎದ್ದು ಹೋಗುವ ಹುಡುಗನಿಗೆ ನಿಜವಾಗಿ ಏನೂ ತಿಳಿದಿರುವುದಿಲ್ಲ.

ನಮ್ಮ ಕಾಲದ ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಮಸಿ ಹಿಡಿಸಿದ ಉರುಳೆಯ ಮೇಲೆ ಕಪ್ಪೆಯ ಸ್ನಾಯು ಗೆರೆ ಎಳೆಯುತ್ತಿತ್ತು. ಪದವಿ ತರಗತಿಗಳ ಪ್ರಾಣಿಛೇದನ ನಿಲ್ಲಿಸಲು ಯುಜಿಸಿ 2014ರಲ್ಲಿ ಸೂಚಿಸಿತು. ಕಪ್ಪೆ ಉಳಿಯಿತು, ಒಳ್ಳೆಯದೇ ಆಯಿತು. ಆ ಗೆರೆ ಸ್ನಾಯು ಎಷ್ಟು ಹೊತ್ತಿನಲ್ಲಿ ಎಷ್ಟು ಕುಗ್ಗಿತೆಂದು ಹೇಳುತ್ತಿತ್ತೇ ಹೊರತು ಒಳಗಿನ ಎಳೆಗಳ ಸುದ್ದಿ ಅದಕ್ಕೆ ತಿಳಿಯದು.

ವಿಡಿಯೊ ಹೇಳುವ ಸುಳ್ಳು

ಸುಳ್ಳು ಎನ್ನುವುದು ಸ್ವಲ್ಪ ಕಟುವಾಯಿತು, ಅನುಕೂಲಕ್ಕೆ ಮಾಡಿಕೊಂಡ ಸರಳೀಕರಣ ಎನ್ನೋಣ. ಅನೇಕ ವಿಡಿಯೊಗಳಲ್ಲಿ ಮಯೋಸಿನ್ ತಲೆಗಳೆಲ್ಲ ದೋಣಿಯ ಹುಟ್ಟುಗಳಂತೆ ಒಮ್ಮೆಲೇ ಎಳೆದು, ಒಮ್ಮೆಲೇ ಬಿಡುತ್ತವೆ. ನಿಜವಾಗಿ ಹಾಗಾದರೆ ಪೈಲ್ವಾನನ ಕಲ್ಲು ಪ್ರತಿ ಸಲವೂ ಕೆಳಕ್ಕೆ ಜಾರಬೇಕು. ಬಾವಿಯಿಂದ ಕೊಡ ಸೇದುವುದನ್ನು ನೆನೆಸಿಕೊಳ್ಳಿ. ಒಂದು ಕೈ ಹಗ್ಗ ಬಿಡುವಾಗ ಇನ್ನೊಂದು ಹಿಡಿದಿರುತ್ತದೆ, ಎರಡೂ ಬಿಟ್ಟರೆ ಕೊಡ ನೀರಿಗೆ. ಒಂದು ದಪ್ಪ ಎಳೆಯಲ್ಲಿ ಸುಮಾರು 300 ಮಯೋಸಿನ್ ಅಣುಗಳಿದ್ದು, ಒಂದೊಂದಕ್ಕೂ ಎರಡು ತಲೆ. ಅವು ತಮ್ಮ ತಮ್ಮ ಹೊತ್ತಿಗೆ ಹಿಡಿದು ಬಿಡುತ್ತಿರುತ್ತವೆ.

ಬಣ್ಣವೂ ಅಷ್ಟೇ. ಆಕ್ಟಿನ್ ಕೆಂಪಲ್ಲ, ಮಯೋಸಿನ್ ನೀಲಿಯಲ್ಲ. ಆದರೆ ಎಲ್ಲವೂ ಬರಿಯ ಕಲ್ಪನೆಯೂ ಅಲ್ಲ. ಗಾಜಿನ ಮೇಲೆ ಮಯೋಸಿನ್ ಹಚ್ಚಿ, ಹೊಳೆಯುವ ಬಣ್ಣ ಕಟ್ಟಿದ ಆಕ್ಟಿನ್ ಎಳೆಗಳು ಅದರ ಮೇಲೆ ಹರಿದಾಡುವುದನ್ನು ಕ್ರೋನ್ ಮತ್ತು ಸ್ಪೂಡಿಚ್ 1986ರಲ್ಲಿ ತೋರಿಸಿದರು. 2010ರಲ್ಲಿ ಜಪಾನಿನ ಕನಜಾವಾ ವಿಶ್ವವಿದ್ಯಾಲಯದವರು ಮಯೋಸಿನ್-5 ಎಂಬ ಅಣು ಆಕ್ಟಿನ್ ಎಳೆಯ ಮೇಲೆ ಎರಡು ಕಾಲಿನಲ್ಲಿ ನಡೆದಂತೆ ಹೋಗುವುದನ್ನು ಚಿತ್ರೀಕರಿಸಿದರು. ಅದು ಸ್ನಾಯುವಿನ ಮಯೋಸಿನ್ ಅಲ್ಲ, ಅದರ ದಾಯಾದಿ. ಬಣ್ಣಬಣ್ಣದ ಪಾಠ ಮುಗಿದ ಮೇಲೆ ಈ ಮಸುಕು ಚಿತ್ರವನ್ನು ಹುಡುಕಿ ಮಕ್ಕಳಿಗೆ ತೋರಿಸಿದರೆ ಅವರು ಉಸಿರು ಬಿಗಿಹಿಡಿದು ನೋಡುತ್ತಾರೆ.

ಮನೆಯ ಮೊಬೈಲು ಒಂದೇ

‘ಮಾಸ್ತರ್ರೇ, ರಾತ್ರಿ ಹನ್ನೊಂದರ ತನಕ ಮೊಬೈಲ್ ಹಿಡ್ಕೊಂಡು ಕೂಡ್ತಾನ, ಓದ್ತಾನೋ ಏನ್ ಮಾಡ್ತಾನೋ ತಿಳೀವಲ್ದು’ ಎನ್ನುವ ಪಾಲಕರ ಅನುಮಾನ ಸುಳ್ಳಲ್ಲ. ಆದರೆ ಇನ್ನೊಂದು ತೊಂದರೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆಯಲ್ಲಿ ಮೊಬೈಲು ಒಂದೇ ಇದ್ದರೆ ಅದು ಹಗಲೆಲ್ಲ ತೊಗರಿ ಹೊಲದಲ್ಲೋ ಕಬ್ಬಿನ ಗದ್ದೆಯಲ್ಲೋ ಅಪ್ಪನ ಜೇಬಿನಲ್ಲಿರುತ್ತದೆ, ಸಂಜೆ ಬಂದ ಮೇಲೆ ಮಗನ ಕೈಗೆ ಹೋಗುತ್ತದೆ. ಮಗಳ ಸರದಿ ಬರುವಷ್ಟರಲ್ಲಿ ಅವಳು ಪಾತ್ರೆ ತೊಳೆಯುತ್ತಿರುತ್ತಾಳೆ, ಇಲ್ಲವೇ ‘ಹೆಣ್ಣು ಹುಡುಗಿಗೆ ಯಾಕ ಮೊಬೈಲ್’ ಎಂಬ ಮಾತು ಬಂದಿರುತ್ತದೆ. ಅದೇ ಪಿಯುಸಿ, ಅದೇ ಪರೀಕ್ಷೆ ಅವಳಿಗೂ ಇದೆ. ದಿನಕ್ಕೆ ಅರ್ಧ ತಾಸು ಮಗಳದೆಂದು ಗೊತ್ತುಮಾಡಿ, ಪಡಸಾಲೆಯಲ್ಲೇ ಕೂತು ನೋಡಲಿ. ನೆಟ್‌ವರ್ಕ್ ಸಿಗುವ ಹೊತ್ತಿನಲ್ಲಿ ವಿಡಿಯೊ ಇಳಿಸಿಟ್ಟುಕೊಂಡರೆ ಆಮೇಲೆ ಎಷ್ಟು ಸಲ ನೋಡಿದರೂ ಡೇಟಾ ಖರ್ಚಿಲ್ಲ.

ನೋಡುವಾಗ ಮಗ್ಗುಲಲ್ಲಿ ನೋಟುಬುಕ್ಕು ಇರಲಿ. ಮೊದಲ ಸಲ ಧ್ವನಿ ತೆಗೆದು ಬರಿಯ ಚಿತ್ರ ನೋಡಲಿ. ಎರಡನೆಯ ಸಲ ಕ್ಯಾಲ್ಸಿಯಂ ಹೊರಬಂದಾಗ, ಹೊದಿಕೆ ಸರಿದಾಗ, ತಲೆ ಎಳೆದಾಗ, ತಲೆ ಬಿಟ್ಟಾಗ ನಿಲ್ಲಿಸಿ, ಮುಂದೆ ಏನಾಗುತ್ತದೆಂದು ಬರೆದು, ಆಮೇಲೆ ಮುಂದುವರಿಸಲಿ. ಕೊನೆಗೆ ಕನ್ನಡದಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಲಿ. ಇಂಗ್ಲಿಷಿನಲ್ಲಿ ಬರೆಯುವುದು ಅದಾದ ಮೇಲೆ ಸುಲಭ.

ತಂದೆತಾಯಿ ವಿಜ್ಞಾನ ಓದಿರದಿದ್ದರೂ ಪರೀಕ್ಷೆ ಮಾಡಬಹುದು. ನಾಲ್ಕು ಜೋಳದ ದಂಟಿನ ತುಂಡು, ಎಂಟು ಕಸಬರಿಗೆ ಕಡ್ಡಿ ಕೊಡಿ. ದಂಟು ಮಯೋಸಿನ್, ಕಡ್ಡಿ ಆಕ್ಟಿನ್. ನೆಲದ ಮೇಲೆ ಜೋಡಿಸಿ ಸಂಕೋಚನ ತೋರಿಸು ಎನ್ನಿ. ಕಡ್ಡಿಗಳನ್ನು ಎರಡೂ ಕಡೆಯಿಂದ ದಂಟುಗಳ ನಡುವೆ ಒಳತಳ್ಳಿದರೆ, ದಂಟಿನ ಉದ್ದ ಇದ್ದಷ್ಟೇ ಉಳಿದರೆ, ಅವನು ನೋಡಿದ್ದು ಪಾಠವೇ. ಕಡ್ಡಿ ಮುರಿದು ಗಿಡ್ಡ ಮಾಡಿದರೆ ಮೊಬೈಲು ಕಸಿದುಕೊಳ್ಳಬೇಡಿ, ಅದೇ ವಿಡಿಯೊವನ್ನು ಇನ್ನೊಮ್ಮೆ ಹಚ್ಚಲು ಹೇಳಿ.