ಪಿಕಪ್‌ಗಿಂತ ಮೊದಲು ಕ್ಲಚ್

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರ ದಾಟಿ ಮಿನರ್ವ ಸರ್ಕಲ್ ಕಡೆಗೆ ನಡೆದರೆ ಕಾರಿನ ಸಾಮಾನಿನ ಅಂಗಡಿಗಳು ಸಾಲುಗಟ್ಟಿ ಸಿಗುತ್ತವೆ. ಸೀಟ್ ಕವರ್, ಹಾರ್ನ್, ಅಲಾಯ್ ವೀಲ್, ಹೆಡ್‌ಲೈಟ್ ಬಲ್ಬು, ಸ್ಪೀಕರ್. ಕಾರನ್ನು ಚೆಂದಗಾಣಿಸುವ ಸಾಮಾನೆಲ್ಲ ಫುಟ್‌ಪಾತಿನವರೆಗೂ ಹರಡಿಕೊಂಡಿರುತ್ತದೆ. ಆದರೆ ಕಾರಿನ ಬಲ ಹೆಚ್ಚಿಸುವ ಕೆಲಸ ಶೋಕೇಸಿನಲ್ಲಿಟ್ಟು ಮಾರುವಂಥದ್ದಲ್ಲ. ಅದನ್ನು ನೋಡಲು ನಾನು ಹೋದದ್ದು ವಿಲ್ಸನ್ ಗಾರ್ಡನ್ ಕಡೆಯ ಒಂದು ಒಳರಸ್ತೆಗೆ. ಶೀಟು ಹೊದಿಸಿದ ಉದ್ದನೆಯ ಶೆಡ್ಡು, ಎರಡು ಲಿಫ್ಟು, ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳು, ಕೊನೆಯಲ್ಲಿ ನೆಲಕ್ಕೆ ಹುದುಗಿಸಿದ, ಎಂಜಿನ್ ಬಲ ಅಳೆಯುವ ಡೈನೊ ಉರುಳೆಗಳು.

ಒಂದು ಲಿಫ್ಟಿನ ಮೇಲೆ ಬಿಳಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ನಿಂತಿತ್ತು. ಭಾರತದಲ್ಲಿ 2013ರಲ್ಲಿ ಮಾರುಕಟ್ಟೆಗೆ ಬಂದ ಕಾರಿದು: 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಏಳು ಗೇರುಗಳ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಪೋಲೊ ತಯಾರಿಕೆ ಇಲ್ಲಿ 2022ರಲ್ಲಿ ನಿಂತುಹೋಯಿತು. ಹಾಗಾಗಿ ಇಟ್ಟುಕೊಂಡವರು ಮಾರಲು ಮನಸ್ಸು ಮಾಡುವುದಿಲ್ಲ, ಇರುವುದನ್ನೇ ಬಲಪಡಿಸಿಕೊಳ್ಳುತ್ತಾರೆ. ಈ ಕಾರಿನ ಮಾಲೀಕರು ದಿನಾ ಆಫೀಸಿಗೆ ಹೋಗಿಬರುವುದೂ ಇದರಲ್ಲೇ, ಬಿಡುವಾದಾಗ ಶಿರಾಡಿ ಘಾಟಿ ಇಳಿದು ಪುತ್ತೂರಿನ ಮನೆಗೆ ಹೋಗುವುದೂ ಇದರಲ್ಲೇ. ಘಾಟಿ ಹತ್ತುವಾಗ ಲಾರಿ ಹಿಂದಿಕ್ಕಲು ಇನ್ನಷ್ಟು ಪಿಕಪ್ ಬೇಕು ಎಂಬುದು ಅವರ ಆಸೆ.

‘ಪಿಕಪ್ ಕೊಡ್ತೀನಿ ಸರ್, ಅದು ದೊಡ್ಡ ಕೆಲಸ ಅಲ್ಲ. ಮೊದಲು ಕ್ಲಚ್ ನೋಡಿಬಿಡೋಣ’ ಎಂದರು ಗ್ಯಾರೇಜಿನ ಯಜಮಾನರು. ಆ ಮಾತು ಕೇಳಿದಾಗಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ಪಕ್ಕದ ಮೇಜಿನ ಮೇಲೆ ಇಂಥದ್ದೇ ಇನ್ನೊಂದು ಪೋಲೊದಿಂದ ಬಿಚ್ಚಿದ ಕ್ಲಚ್ ಇತ್ತು. ಹತ್ತಿರ ಬಗ್ಗಿದರೆ ಸುಟ್ಟ ಲೈನಿಂಗಿನ ಕಟು ವಾಸನೆ ಮೂಗಿಗೆ ಹೊಡೆಯುತ್ತದೆ. ಉಕ್ಕಿನ ಮುಖದ ಮೇಲೆ ಅಲ್ಲಲ್ಲಿ ನೀಲಿ ಕಲೆ, ಅಂದರೆ ಅಲ್ಲಿ ವಿಪರೀತ ಕಾದಿದೆ. ಲೈನಿಂಗ್ ಗಾಜಿನಂತೆ ನುಣುಪಾಗಿದೆ. ಉಗುರಿನಿಂದ ಗೀರಿದರೆ ಹಿಡಿತವೇ ಸಿಗುವುದಿಲ್ಲ. ಡಿಕ್ಯೂ200 ಎಂಬ ಈ ಗೇರ್‌ಬಾಕ್ಸಿನಲ್ಲಿ ಎಣ್ಣೆಯಲ್ಲಿ ಮುಳುಗದ ಎರಡು ಒಣ ಕ್ಲಚ್‌ಗಳಿವೆ. ಒಂದು 1, 3, 5, 7ನೇ ಗೇರುಗಳಿಗೆ, ಇನ್ನೊಂದು 2, 4, 6 ಮತ್ತು ರಿವರ್ಸಿಗೆ. ಎರಡನ್ನೂ ಒತ್ತಿ ಬಿಡುವ ಕೆಲಸ ಮೆಕಾಟ್ರಾನಿಕ್ ಎಂಬ ಘಟಕದ್ದು; ಎಣ್ಣೆಯ ಒತ್ತಡ, ವಾಲ್ವು, ಕಂಪ್ಯೂಟರ್ ಎಲ್ಲವೂ ಅದರೊಳಗೇ. ಕಾರು ನಿಂತಲ್ಲಿಂದ ಹೊರಡುವುದು ಮೊದಲ ಕ್ಲಚ್‌ನಿಂದಲೇ ಆದ್ದರಿಂದ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಕಾಯುವುದೂ ಸವೆಯುವುದೂ ಅದೇ. ಬ್ರೇಕ್ ಪೂರ್ತಿ ಒತ್ತಿ ನಿಂತರೆ ಕ್ಲಚ್ ಬಿಟ್ಟುಕೊಳ್ಳುತ್ತದೆ. ಅರ್ಧಂಬರ್ಧ ಒತ್ತಿ ಇಂಚಿಂಚೇ ಸರಿಯುತ್ತಿದ್ದರೆ ಅದು ಜಾರುತ್ತಲೇ ಇರುತ್ತದೆ. ಮುಂದಿನ ಗಾಡಿಗೆ ಸ್ವಲ್ಪ ಜಾಗ ಬಿಟ್ಟು, ಒಮ್ಮೆಗೇ ಹೊರಟು, ಒಮ್ಮೆಗೇ ನಿಲ್ಲುವವರ ಕ್ಲಚ್ ಬಹಳ ದಿನ ಬಾಳುತ್ತದೆ. ಕಾಸು ಖರ್ಚಿಲ್ಲದ ಮಾರ್ಪಾಡು ಇದು.

ಈ ಗೇರ್‌ಬಾಕ್ಸಿಗೆ ಕೆಟ್ಟ ಹೆಸರು ಸುಮ್ಮನೆ ಬಂದದ್ದಲ್ಲ. ಬಿಸಿಯೂ ತೇವವೂ ಕೂಡಿದ ಹವೆಯಲ್ಲಿ ಸಿಂಥೆಟಿಕ್ ಎಣ್ಣೆಯಿಂದ ವಿದ್ಯುತ್ ದೋಷ ಕಾಣಿಸಿಕೊಂಡಿತೆಂದು, ಅದನ್ನು ತೆಗೆದು ಮಿನರಲ್ ಎಣ್ಣೆ ತುಂಬಲು ಕಂಪನಿ 2013ರಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆಸಿತ್ತು. ಆದ್ದರಿಂದ ಹಳೆಯ ಕಾರು ಬಂದಾಗ ಯಜಮಾನರು ಮೊದಲು ಕೇಳುವುದು ಸರ್ವಿಸ್ ದಾಖಲೆ. ಆಮೇಲೆ ಲ್ಯಾಪ್‌ಟಾಪ್ ಜೋಡಿಸಿ ಎರಡೂ ಕ್ಲಚ್‌ಗಳ ತಾಪ, ಸವೆತದ ಅಂಕಿ ಓದುತ್ತಾರೆ. ಕ್ಲಚ್ ಬದಲಿಸಬೇಕಾಗಿ ಬಂದರೆ ಅದು ಸಾಮಾನ್ಯ ಗ್ಯಾರೇಜಿನ ಕೆಲಸವಲ್ಲ. ಬೇರೆಯೇ ಟೂಲ್ ಬೇಕು, ಅಳತೆ ನೋಡಿ ಸರಿಯಾದ ದಪ್ಪದ ಶಿಮ್ ಕೂರಿಸಬೇಕು, ಕೊನೆಗೆ ಕಂಪ್ಯೂಟರಿಗೆ ಹೊಸ ಕ್ಲಚ್ ಎಲ್ಲಿ ಹಿಡಿಯುತ್ತದೆಂದು ಕಲಿಸಬೇಕು. ಆತುರದಲ್ಲಿ ಕೂರಿಸಿದ ಕ್ಲಚ್ ಮರುದಿನವೇ ಜರ್ಕ್ ಹೊಡೆಯಲು ಶುರುಮಾಡುತ್ತದೆ.

ಇನ್ನು ಬಲದ ಲೆಕ್ಕ. ಎಲ್ಲರೂ ಕೇಳುವುದು ಎಷ್ಟು ಹಾರ್ಸ್‌ಪವರ್ ಎಂದು. ಗೇರ್‌ಬಾಕ್ಸನ್ನು ಮುರಿಯುವುದು ಅದಲ್ಲ, ಟಾರ್ಕ್. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,023ರಿಂದ ಭಾಗಿಸಿದರೆ ಪಿಎಸ್, ಅಂದರೆ ಮೆಟ್ರಿಕ್ ಹಾರ್ಸ್‌ಪವರ್, ಸಿಗುತ್ತದೆ. ಪೋಲೊ ತನ್ನ 105 ಪಿಎಸ್ ಕೊಡುವುದು 5,000 ಆರ್‌ಪಿಎಂನಲ್ಲಿ. ಲೆಕ್ಕ ಹಾಕಿದರೆ ಅಲ್ಲಿ ಟಾರ್ಕ್ 147ಕ್ಕೆ ಇಳಿದಿರುತ್ತದೆ. 175 ಸಿಗುವುದು ಕೆಳಗಿನ ವೇಗಗಳಲ್ಲಿ, ಸುಮಾರು 1,550ರಿಂದ 4,100ರವರೆಗೆ. ಡಿಕ್ಯೂ200ಕ್ಕೆ ತಯಾರಕರು ಹೇಳುವ ಮಿತಿ 250 ನ್ಯೂಟನ್ ಮೀಟರ್. ಕೆಳಗಡೆಯೇ ಟಾರ್ಕನ್ನು 250ರ ಅಂಚಿಗೆ ಏರಿಸಿದರೆ ಪೆಡಲ್ ಒತ್ತಿದೊಡನೆ ಬೆನ್ನು ಸೀಟಿಗೆ ಅಂಟುತ್ತದೆ, ಗಿರಾಕಿಗೆ ಬಲು ಖುಷಿ. ಆ ಹೊಡೆತವನ್ನು ತಿನ್ನುವುದು ಕ್ಲಚ್. ಅದರ ಬದಲು ಟಾರ್ಕನ್ನು 220ಕ್ಕೆ ನಿಲ್ಲಿಸಿ, ಮೇಲ್ಗಡೆ ಅದು ಕುಸಿಯದಂತೆ ನೋಡಿಕೊಂಡು 5,000ದಲ್ಲಿ 190 ಉಳಿಸಿಕೊಂಡರೆ 135 ಪಿಎಸ್ ಆಯಿತು. 30 ಪಿಎಸ್ ಹೆಚ್ಚಿತು, ಗೇರ್‌ಬಾಕ್ಸ್ ಮಿತಿಯೊಳಗೇ ಇದೆ. ಈ ಪೋಲೊಗೆ ಯಜಮಾನರು ಹಾಕಿಕೊಂಡ ಗುರಿ ಇದೇ. ನನ್ನ ಪ್ರಕಾರ ರೀಮ್ಯಾಪ್ ಮಾಡುವವರ, ಅಂದರೆ ಎಂಜಿನ್ ಕಂಪ್ಯೂಟರಿನೊಳಗಿನ ಲೆಕ್ಕದ ಮ್ಯಾಪನ್ನು ತಿದ್ದುವವರ, ಜಾಣತನ ಇರುವುದು ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರುವುದರಲ್ಲಿ.

ಸಂಜೆಗೆ ಕಾರು ಡೈನೊ ಏರಿತು. ಮುಂದಿನ ಚಕ್ರಗಳು ಉರುಳೆಗಳ ಮೇಲೆ, ನಾಲ್ಕೂ ಕಡೆ ಬಿಗಿದ ಪಟ್ಟಿ, ರೇಡಿಯೇಟರಿಗೆ ಮುಖಮಾಡಿದ ದೊಡ್ಡ ಫ್ಯಾನು. ತಾನಾಗಿ ಗೇರ್ ಬದಲಾಗದಂತೆ ಮ್ಯಾನುಯಲ್ ಮೋಡ್‌ಗೆ ಹಾಕಿ ಎಂಜಿನ್ನನ್ನು ಕೆಳಗಿನಿಂದ ಮೇಲಿನವರೆಗೆ ಒಂದೇ ಉಸಿರಿಗೆ ಎಳೆದರು. ಶೆಡ್ಡಿನ ಶೀಟು ಕಂಪಿಸಿತು, ಸ್ಕ್ರೀನಿನಲ್ಲಿ ಟಾರ್ಕಿನದೊಂದು, ಪಿಎಸ್‌ದೊಂದು ಗೆರೆ ಮೂಡಿದವು. ಯಜಮಾನರ ಕಣ್ಣು ಮಾತ್ರ ನಾಕಿಂಗ್ ಎಷ್ಟಾಗುತ್ತಿದೆ ಎಂಬುದರ ಮೇಲಿತ್ತು. ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿದರೆ ಪಿಸ್ಟನ್ನಿಗೇ ಪೆಟ್ಟು. ಪೆಟ್ರೋಲ್ ಇದನ್ನು ಎಷ್ಟು ತಡೆಯುತ್ತದೆಂದು ಹೇಳುವ ಅಂಕಿ ಆಕ್ಟೇನ್. ಹೆಚ್ಚು ಆಕ್ಟೇನಿಗೆಂದೇ ಬರೆದ ಮ್ಯಾಪಿಗೆ ಕಡಿಮೆ ಆಕ್ಟೇನಿನ ಪೆಟ್ರೋಲ್ ತುಂಬಿದರೆ ಕಂಪ್ಯೂಟರ್ ಇಗ್ನಿಷನ್ ಹಿಂದಕ್ಕೆಳೆದು ಎಂಜಿನ್ ಕಾಪಾಡುತ್ತದೆ, ಆದರೆ ಕೊಟ್ಟ ದುಡ್ಡಿನ ಬಲ ಅಲ್ಲೇ ಸೋರಿಹೋಗುತ್ತದೆ. ಘಟ್ಟದ ದಾರಿಯಲ್ಲಿ ಹೆಚ್ಚು ಆಕ್ಟೇನಿನದು ಎಲ್ಲ ಬಂಕಿನಲ್ಲೂ ಸಿಗುವ ಭರವಸೆಯಿಲ್ಲ. ಅದಕ್ಕೇ ಈ ಕಾರಿಗೆ ಕಡಿಮೆ ಆಕ್ಟೇನನ್ನೂ ಸಹಿಸುವ ಮೃದು ಮ್ಯಾಪು.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗಾಳಿ ತೆಳುವಾದ್ದರಿಂದ ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಬಲ ಕಳೆದುಕೊಳ್ಳುತ್ತದೆ. ಟರ್ಬೊ ಇರುವ ಎಂಜಿನ್ ಕೊರತೆ ತುಂಬಿಕೊಳ್ಳುತ್ತದೆ, ಆದರೆ ಅದಕ್ಕಾಗಿ ಟರ್ಬೊ ಮಂಗಳೂರಿನಲ್ಲಿ ತಿರುಗುವುದಕ್ಕಿಂತ ಜೋರಾಗಿ ತಿರುಗಬೇಕು. ಮೇಲಿಂದ ರೀಮ್ಯಾಪ್ ಹೊರೆ ಬೇರೆ.

ಟರ್ಬೊ ಇಲ್ಲದ ಸ್ವಿಫ್ಟ್, ಐ20 ಇಟ್ಟುಕೊಂಡವರಿಗೆ ರೀಮ್ಯಾಪ್‌ನಿಂದ ಸಿಗುವುದು ಅತ್ಯಲ್ಪ. ಆ ದುಡ್ಡನ್ನು ಒಳ್ಳೆಯ ಟೈರು, ಬ್ರೇಕ್ ಪ್ಯಾಡಿಗೆ ಹಾಕುವುದು ಲೇಸು. ಇನ್ನು ಸದ್ದಿಗಾಗಿ ಕ್ಯಾಟಲಿಟಿಕ್ ಕನ್ವರ್ಟರ್ ಕತ್ತರಿಸಿ ಬೀದಿಯವರ ಮೂಗಿಗೆ ಹೊಗೆ ಬಿಡುವವರ ಬಗ್ಗೆ ನನಗೆ ಎಳ್ಳಷ್ಟೂ ಸಹನೆಯಿಲ್ಲ. ಈ ಗ್ಯಾರೇಜಿನಲ್ಲಿ ಆ ಕೆಲಸ ಮಾಡುವುದಿಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಕಾಯ್ದೆ ಒಪ್ಪದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಹಾಗಾಗಿ ಕೀಲಿಕೈ ಕೊಡುವ ಮುನ್ನ ಆರ್‌ಟಿಒದಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಕಂಪನಿಯ ಮೂಲ ಮ್ಯಾಪಿನ ಪ್ರತಿಯನ್ನು ಕೇಳಿ ಪಡೆಯಿರಿ, ಡೈನೊದ ಮೊದಲಿನ ಮತ್ತು ಆಮೇಲಿನ ಗ್ರಾಫುಗಳೆರಡನ್ನೂ ಇಟ್ಟುಕೊಳ್ಳಿ. ಕ್ಲಚ್ ನೋಡದೆಯೇ ಹಾರ್ಸ್‌ಪವರ್ ಮಾತಾಡುವ ಗ್ಯಾರೇಜಾದರೆ ಕಾರನ್ನು ಅಲ್ಲಿ ಬಿಡಬೇಡಿ.