ಬಲವೊಂದೇ ವೇಗವಲ್ಲ



ಹಿಂದೂಪುರದ ನಿಲ್ದಾಣದಲ್ಲಿ ರೈಲಿಗಾಗಿ ಕಾಯುವಾಗ ಹಳಿಗಳ ಮೇಲೆ ಎಳೆದಿರುವ ತಂತಿಯನ್ನು ನೀವು ನೋಡಿರಬಹುದು. ಅದರಲ್ಲಿರುವುದು 25,000 ವೋಲ್ಟಿನ ವಿದ್ಯುತ್ತು. ನಮ್ಮ ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರವರಿ 3ರಂದು, ಮುಂಬಯಿಯಲ್ಲಿ. ಇಂದು ಪ್ರಯಾಣಿಕರ ಗಾಡಿಗಳನ್ನೆಳೆಯುವ ಎರಡು ವಿದ್ಯುತ್ ಎಂಜಿನ್ನುಗಳನ್ನು ಹೋಲಿಸಿ ನೋಡೋಣ.

ಡಬ್ಲ್ಯು.ಎ.ಪಿ.-7 ಎಂಬ ಎಂಜಿನ್ನಿನ ಬಲ ಆರು ಸಾವಿರ ಅಶ್ವಶಕ್ತಿಗೂ ಹೆಚ್ಚು. ವೇಗ ಗಂಟೆಗೆ 140 ಕಿ.ಮೀ. ಡಬ್ಲ್ಯು.ಎ.ಪಿ.-5 ಮೊದಲು ಬಂದಾಗ ಅದರ ಬಲ ಸುಮಾರು 5,400 ಅಶ್ವಶಕ್ತಿ. ವೇಗ ಮಾತ್ರ 160 ಕಿ.ಮೀ. ಬಲಶಾಲಿಯೇ ಹಿಂದೆ ಬೀಳುವುದೇಕೆ?

ಎತ್ತಿನ ಗಾಡಿಯನ್ನು ನೆನೆಯಿರಿ. ಅದರ ಭಾರವೆಲ್ಲ ನೇರವಾಗಿ ಅಚ್ಚಿನ ಮೇಲೆ. ಕಲ್ಲು ಸಿಕ್ಕರೆ ಗಾಡಿಯೂ ಕುಲುಕುತ್ತದೆ, ದಾರಿಯೂ ಕೆಡುತ್ತದೆ. ನಮ್ಮ ಹಿರಿಯರು ಏರುತ್ತಿದ್ದ ಜಟಕಾಕ್ಕೆ ಕಮಾನುಗಳಿದ್ದವು. ಅದು ಹಗುರವಾಗಿ ಓಡುತ್ತಿತ್ತು. 123 ಟನ್ ತೂಕದ ಮೊದಲನೆಯ ಎಂಜಿನ್ನಿನಲ್ಲಿ ಆರು ಮೋಟಾರುಗಳಿವೆ; ಅವುಗಳ ಭಾರದ ಒಂದು ಪಾಲು ಅಚ್ಚಿನ ಮೇಲೆಯೇ ಬೀಳುತ್ತದೆ. 78 ಟನ್ ತೂಕದ ಎರಡನೆಯದರಲ್ಲಿ ನಾಲ್ಕೇ ಮೋಟಾರುಗಳು. ಅವು ಪೂರ್ತಿಯಾಗಿ ಕಮಾನುಗಳ ಮೇಲಿನ ಚೌಕಟ್ಟಿಗೆ ತೂಗಿಕೊಂಡಿವೆ. ಆದ್ದರಿಂದ ಗಾಲಿಗಳು ಹಳಿಯನ್ನು ಬಡಿಯುವ ಪೆಟ್ಟು ಕಡಿಮೆ. ಗೇರುಗಳ ಜೋಡಣೆಯೂ ವೇಗಕ್ಕೆ ಹೊಂದುವಂಥದು. ಹಾಗೆಂದು ಮೊದಲನೆಯದು ಕೀಳಲ್ಲ. ಉದ್ದನೆಯ ಭಾರದ ಗಾಡಿಗಳನ್ನೆಳೆಯಲು ಅದೇ ಬೇಕು.

ಈ ಹಗುರ ಎಂಜಿನ್ನು 1995ರಲ್ಲಿ ಸ್ವಿಟ್ಜರ್ಲೆಂಡಿನ ಎ.ಬಿ.ಬಿ. ಸಂಸ್ಥೆಯಿಂದ ಬಂದಿತು. ತಯಾರಿಕೆಯ ವಿದ್ಯೆಯನ್ನು ಕಲಿತ ನಮ್ಮವರು 2000ದಿಂದ ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆಯಲ್ಲಿ ಅದನ್ನು ತಾವೇ ತಯಾರಿಸತೊಡಗಿದರು. 2016ರ ಏಪ್ರಿಲ್ 5ರಂದು ದೆಹಲಿಯಿಂದ ಆಗ್ರಾಕ್ಕೆ ಹೊರಟ ಗತಿಮಾನ್ ಎಕ್ಸ್‌ಪ್ರೆಸ್ 160 ಕಿ.ಮೀ. ವೇಗದಲ್ಲಿ ಓಡಿದ್ದು ಇದರ ಬಲದಿಂದಲೇ.

ಇನ್ನೊಂದು ಸೋಜಿಗವಿದೆ. ವೇಗ ತಗ್ಗಿಸುವಾಗ ಇದರ ಮೋಟಾರುಗಳೇ ಜನರೇಟರುಗಳಾಗಿ ವಿದ್ಯುತ್ತನ್ನು ತಂತಿಗೆ ಹಿಂದಿರುಗಿಸುತ್ತವೆ. ಪಡೆದದ್ದರಲ್ಲಿ ಒಂದು ಪಾಲನ್ನು ಮರಳಿಸುವ ಈ ಗುಣ ನಮಗೂ ಪಾಠವಲ್ಲವೇ?

ಕೊನೆಗೊಂದು ಮಾತು, ತಂದೆತಾಯಿಗಳೂ ಗಮನಿಸಬೇಕು. 160 ಕಿ.ಮೀ. ವೇಗವೆಂದರೆ ಒಂದು ಸೆಕೆಂಡಿಗೆ 44 ಮೀಟರು. ದೂರದಲ್ಲಿ ಕಂಡ ರೈಲು ಕಣ್ಣು ಮಿಟುಕಿಸುವುದರೊಳಗೆ ಎದುರಿಗಿರುತ್ತದೆ. ಬ್ರೇಕು ಹಾಕಿದರೂ ಥಟ್ಟನೆ ನಿಲ್ಲಲಾರದು. ಮೇಲಿನ ತಂತಿಯಂತೂ ಮುಟ್ಟದಿದ್ದರೂ, ಹತ್ತಿರ ಹೋದರೇ ಪ್ರಾಣ ತೆಗೆಯಬಲ್ಲದು. ಹಳಿ ದಾಟಲು ಸೇತುವೆಯನ್ನೋ ಗೇಟನ್ನೋ ಬಳಸಿರಿ. ನಿಂತ ಗಾಡಿಯ ಮೇಲೆ ಎಂದಿಗೂ ಹತ್ತದಿರಿ. ಯಂತ್ರದ ಗುಣವನ್ನು ತಿಳಿದವನೇ ಅದರಿಂದ ಸುಖ ಪಡೆಯುತ್ತಾನೆ.