ಯೆಹೂದ್ಯ ಅನುಭಾವಿಗಳ ಯುಗಚಕ್ರವಿಚಾರ

ಜಗತ್ತಿನ ಆಯುಸ್ಸೆಷ್ಟೆಂಬ ಪ್ರಶ್ನೆಗೆ ಯೆಹೂದ್ಯ ಅನುಭಾವಿಗಳು ಕಂಡುಕೊಂಡ ಉತ್ತರವು ಹೊಲದ ಕಟ್ಟಳೆಯೊಂದರಿಂದ ಹುಟ್ಟಿದುದು. ಆರು ವರ್ಷ ಉತ್ತು ಬಿತ್ತಿದ ನೆಲವನ್ನು ಏಳನೆಯ ವರ್ಷ ಬೀಳು ಬಿಡಬೇಕು. ಇಂತಹ ಏಳು ಏಳುಗಳು ಕಳೆದ ಬಳಿಕ, 50ನೆಯ ವರ್ಷದಲ್ಲಿ, ಮಾರಿದ ಭೂಮಿಯು ಮೂಲದ ಒಡೆಯನಿಗೆ ಮರಳಬೇಕೆಂದು ಯಾಜಕಕಾಂಡವು ವಿಧಿಸುತ್ತದೆ. ಬೀಳಿನ ವರ್ಷಕ್ಕೆ ‘ಶೆಮಿಟ್ಟಾ’ ಎಂದು ಹೆಸರು. ಲೋಕವು 6,000 ವರ್ಷ ನಡೆದು 1,000 ವರ್ಷ ಹಾಳುಬೀಳುವುದೆಂಬ ಮಾತು ತಾಲ್ಮುದಿನಲ್ಲಿಯೂ ಉಂಟು.

ಇವೆರಡನ್ನೂ ಕೂಡಿಸಿ ವಿಶ್ವಚಕ್ರವನ್ನಾಗಿ ಬೆಳೆಯಿಸಿದ ಮುಖ್ಯ ಗ್ರಂಥವು ‘ಸೇಫೆರ್ ಹತ್ತೆಮುನಾ’, ಎಂದರೆ ಆಕೃತಿಗ್ರಂಥ. ಕರ್ತೃ ಅಜ್ಞಾತನು. ಇದು 13ನೆಯ ಶತಮಾನದ ಸ್ಪೇನಿನದೆಂದು ಮೊದಲು ಎಣಿಸಿದ್ದರು. 14ನೆಯ ಶತಮಾನದ ಬೈಜಾಂಟಿಯಮ್ ಸೀಮೆಯದೆಂಬ ಪಕ್ಷವು ಈಚೆಗೆ ಬಲಗೊಂಡಿದೆ. ಪರತತ್ತ್ವದ ‘ಸೆಫಿರಾ’ಗಳೆಂಬ ಹತ್ತು ಶಕ್ತಿಗಳಲ್ಲಿ ಕೆಳಗಿನ ಏಳು ಒಂದೊಂದೂ 7,000 ವರ್ಷಗಳ ಯುಗವನ್ನು ಆಳುವುವು. 49,000 ವರ್ಷಗಳು ಸಂದ ಮೇಲೆ ಸಮಸ್ತವೂ, ಮಾರಿದ ನೆಲದಂತೆ, ತನ್ನ ಮೂಲವಾದ ‘ಬೀನಾ’ ಎಂಬ ಮೂರನೆಯ ಶಕ್ತಿಗೆ ಮರಳುವುದು.

ಈ ಎಣಿಕೆಗಿಂತ ವಿಚಾರಾರ್ಹವಾದುದು ಶಾಸ್ತ್ರಪಾಠದ ವಿಷಯ. ತೋರಾ ಒಂದೇ, ಆದರೆ ಆಯಾ ಯುಗವನ್ನಾಳುವ ಶಕ್ತಿಗೆ ಅನುಗುಣವಾಗಿ ಅದರ ಅಕ್ಷರಗಳು ಬೇರೆ ಬೇರೆಯಾಗಿ ಕೂಡಿ ಬೇರೆ ಅರ್ಥವನ್ನು ಕೊಡುವುವು. ತೋರಾದ ಸುರುಳಿಗಳಲ್ಲಿ ಸ್ವರಚಿಹ್ನೆಗಳಿಲ್ಲವೆಂಬುದನ್ನು ನೆನೆದರೆ ಈ ಕಲ್ಪನೆಯು ಅಷ್ಟೊಂದು ವಿಚಿತ್ರವೆನಿಸದು. ಹಿಂದಿನದು ಕೃಪೆಯ ಯುಗ. ಈಗಿನದು ನ್ಯಾಯದಂಡದ ಯುಗ. ಆದುದರಿಂದಲೇ ಶಾಸ್ತ್ರವು ವಿಧಿನಿಷೇಧರೂಪವಾಗಿದೆ. ಈ ಯುಗದಲ್ಲಿ ಹೀಬ್ರೂ ವರ್ಣಮಾಲೆಯ ಒಂದಕ್ಷರವೇ ಮರೆಯಾಗಿದೆಯೆಂದೂ ಈ ಪಂಥದವರು ಹೇಳುತ್ತಿದ್ದರು.

ಅಕ್ಕೋ ಪಟ್ಟಣದ ಐಸಾಕನು ದೇವರ ಒಂದು ದಿನಕ್ಕೆ ಮಾನವರ 1,000 ವರ್ಷಗಳೆಂದು ಲೆಕ್ಕವಿಟ್ಟುದನ್ನು ಕಂಡಾಗ ನಮಗೆ ದಿವ್ಯವರ್ಷಗಳ ನೆನಪಾಗುವುದು ಸಹಜ. ಆದರೆ ಸಾಮ್ಯವನ್ನು ಬಹುದೂರ ಎಳೆಯಲಾಗದು. ನಮ್ಮಲ್ಲಿ ಯುಗದಿಂದ ಯುಗಕ್ಕೆ ಧರ್ಮವು ಕುಗ್ಗಿದರೂ ವೇದವು ನಿತ್ಯ, ಅದರ ಆನುಪೂರ್ವಿಯು ಕಲ್ಪಾಂತರದಲ್ಲಿಯೂ ಅದೇ. ಅಲ್ಲಿ ಪಾಠವೇ ಮಾರ್ಪಡುತ್ತದೆ.

ಇಂದು ನಿಷಿದ್ಧವಾದುದು ಮುಂದಿನ ಯುಗದಲ್ಲಿ ವಿಹಿತವಾಗಬಹುದಾದರೆ ಧರ್ಮಶಾಸ್ತ್ರದ ಪ್ರಾಮಾಣ್ಯವೇನಾಯಿತು? ವಾದದ ಅಪಾಯವು ಇಲ್ಲಿಯೇ ಇದೆ. 16ನೆಯ ಶತಮಾನದಲ್ಲಿ ಸಫೇದ್ ನಗರದ ಕೊರ್ದೊವೆರೊ (1522–1570), ಲೂರಿಯಾ (1534–1572) ಇಬ್ಬರೂ ಇದನ್ನು ನಿರಾಕರಿಸಿದರು. ಆದರೂ 1665ರಲ್ಲಿ ಮೆಸ್ಸೀಯನೆಂದು ಘೋಷಿತನಾದ ಶಬ್ಬತೈ ಜ್ವೀಯ ಅನುಯಾಯಿಗಳಲ್ಲಿ, ಹಳೆಯ ವಿಧಿಗಳ ಕಾಲವು ಮುಗಿಯಿತೆಂದವರಿಗೆ ಇಂತಹ ವಿಚಾರವು ಆಧಾರವಾಯಿತು.

ವಾದವು ಅಲ್ಲಿಗೆ ಅಳಿಯಲಿಲ್ಲ. 1842ರಲ್ಲಿ ಡಾನ್‌ಜಿಗ್ ನಗರದ ರಬ್ಬಿ ಇಸ್ರಾಯೇಲ್ ಲಿಪ್‌ಶಿಟ್ಸನು ತನ್ನ ಪ್ರವಚನವೊಂದರಲ್ಲಿ, ಭೂಗರ್ಭದಿಂದ ಆಗ ಹೊರಬರುತ್ತಿದ್ದ ಲುಪ್ತಜಂತುಗಳ ಅಸ್ಥಿಗಳನ್ನು ಹಿಂದಿನ ಯುಗಗಳ ಸಾಕ್ಷ್ಯವೆಂದು ಹರ್ಷದಿಂದ ಸ್ವಾಗತಿಸಿದನು.